ನಾಟಕದ ವೇಷಕ್ಕೆ ನೆರಿಗೆ ಕಸೂತಿ: ಕೊರಳಪಟ್ಟಿ, ಕೈಪಟ್ಟಿ ಮತ್ತು ಸಂಚಿ

ರಾಜ್ಯೋತ್ಸವ ಸಮೀಪಿಸಿತೆಂದರೆ ಚೆನ್ನೈನ ಕನ್ನಡ ಕುಟುಂಬಗಳಲ್ಲಿ ಮಕ್ಕಳ ನಾಟಕದ ಸಿದ್ಧತೆ ಆರಂಭವಾಗುತ್ತದೆ. ಪಲ್ಲಾವರಂನಲ್ಲಿ ನೆಲೆಸಿರುವ ನಾವು ಕೆಲವರು ವೇಷಭೂಷಣದ ಹೊಣೆ ಹೊತ್ತ ವರ್ಷ, ಉಡುಪುಗಳನ್ನು ಬಾಡಿಗೆ ಅಂಗಡಿಯೊಂದರಿಂದ ತರಿಸಿದ್ದೆವು. ಕೃಷ್ಣದೇವರಾಯನಿಗೂ ಅವನ ಆಸ್ಥಾನಕ್ಕೆ ಬಂದ ಪೋರ್ಚುಗೀಸ್ ಯಾತ್ರಿಕನಿಗೂ ಒಂದೇ ಬಗೆಯ ಮಿನುಗುವ ಅಂಗಿ, ಒಂದೇ ಬಗೆಯ ಜರಿ ಚಪ್ಪಲಿ ಬಂದವು. ಇಲ್ಲಿ ಬೆಳೆಯುವ ನಮ್ಮ ಮಕ್ಕಳಲ್ಲಿ ಅನೇಕರು ಶಾಲೆಯಲ್ಲಿ ಕನ್ನಡ ಓದುವುದಿಲ್ಲ. ಕನ್ನಡನಾಡಿನ ಚರಿತ್ರೆಯನ್ನು ಅವರು ಕಣ್ಣಾರೆ ಕಾಣುವುದು ಈ ರಂಗದ ಮೇಲೆಯೇ. ಅಲ್ಲಿಯೂ ತಪ್ಪನ್ನು ತೋರಿಸಿದರೆ ಆ ತಪ್ಪೇ ಅವರ ಮನಸ್ಸಿನಲ್ಲಿ ಉಳಿಯುತ್ತದೆ. ಆದುದರಿಂದ ಪೂರ್ಣ ಉಡುಪನ್ನಲ್ಲದಿದ್ದರೂ ಸಣ್ಣ ಪರಿಕರಗಳನ್ನಾದರೂ ಮನೆಯಲ್ಲಿಯೇ ಹೊಲಿಯಲು ನಿಶ್ಚಯಿಸಿದೆವು.

ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಡೊಮಿಂಗೊ ಪಾಯಸ್‌ನ ವರದಿ, ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಇಂಗ್ಲಿಷಿನಲ್ಲಿ ದೊರೆಯಿತು. ಅರಸನು ಚಿನ್ನದ ಗುಲಾಬಿಗಳನ್ನು ಕಸೂತಿ ಮಾಡಿದ ಬಿಳಿಯ ಉಡುಪನ್ನು ಧರಿಸಿದ್ದನೆಂದೂ, ಶಿರಸ್ತ್ರಾಣದ ಆಕಾರದ ಜರತಾರಿ ಟೊಪ್ಪಿಗೆಯನ್ನು ತೊಟ್ಟಿದ್ದನೆಂದೂ, ಬರಿಗಾಲಿನಲ್ಲಿದ್ದನೆಂದೂ ಅವನು ಬರೆದಿದ್ದಾನೆ. ಜರಿ ಚಪ್ಪಲಿಯ ಬಾಡಿಗೆ ಹೀಗೆ ಉಳಿಯಿತು!

ಪೋರ್ಚುಗೀಸ್ ಪಾತ್ರಕ್ಕೆ ಬೇಕಾದುದು ನೆರಿಗೆ ಹಿಡಿದ ಬಿಳಿಯ ಅಂಗಿ. ಆ ಕಾಲದ ಯುರೋಪಿನಲ್ಲಿ ಲಿನನ್ ಅಂಗಿಯ ಕೊರಳನ್ನೂ ಮಣಿಕಟ್ಟನ್ನೂ ಸಣ್ಣ ನೆರಿಗೆಗಳಿಂದ ಕೂಡಿಸುತ್ತಿದ್ದರು. ಜರ್ಮನ್ ಚಿತ್ರಕಾರ ಡ್ಯೂರರ್ 1498ರಲ್ಲಿ ರಚಿಸಿದ ತನ್ನ ಭಾವಚಿತ್ರದಲ್ಲಿ ಇಂತಹ ಅಂಗಿಯನ್ನು ಕಾಣಬಹುದು. ನೆರಿಗೆಗಳ ಮೇಲೆ ಅಲಂಕಾರದ ಹೊಲಿಗೆ ಹಾಕಿ, ಅವು ಹಿಗ್ಗಿ ಕುಗ್ಗುವಂತೆ ಮಾಡುವುದೇ ಸ್ಮಾಕಿಂಗ್. ಎಲಾಸ್ಟಿಕ್ ಇಲ್ಲದ ದಿನಗಳಲ್ಲಿ ಇದು ಅಲಂಕಾರವೂ ಹೌದು, ಉಪಯೋಗವೂ ಹೌದು. ಇಂಗ್ಲೆಂಡಿನ ಹಳ್ಳಿಗರ ಮೇಲಂಗಿಯಾದ ಸ್ಮಾಕ್‌ನಿಂದ ಇದಕ್ಕೆ ಈ ಹೆಸರು. ನಮ್ಮಲ್ಲಿ ಹಿರಿಯ ಮಹಿಳೆಯರಿಗೆ ಇದು ಹೆಣ್ಣುಮಕ್ಕಳ ಫ್ರಾಕಿನ ಎದೆಯ ಮೇಲಿನ ಜೇನುಗೂಡು ಹೊಲಿಗೆಯಾಗಿ ಪರಿಚಿತ. ಒಂದು ಎಚ್ಚರಿಕೆ: ಕುತ್ತಿಗೆಯ ಸುತ್ತ ಚಕ್ರದಂತೆ ನಿಲ್ಲುವ ದೊಡ್ಡ ಕೊರಳಪಟ್ಟಿ 16ನೆಯ ಶತಮಾನದ ಉತ್ತರಾರ್ಧದ್ದು. ಅದನ್ನು ಪಾಯಸ್‌ಗೆ ತೊಡಿಸಬಾರದು.

ಬಟ್ಟೆ ಹತ್ತಿಯದೇ ಆಗಿರಬೇಕು. ಪಾಲಿಯೆಸ್ಟರ್ ಮೇಲೆ ನಾವು ಮಾಡಿದ ಮೊದಲ ಪ್ರಯತ್ನ ವ್ಯರ್ಥವಾಯಿತು. ನೆರಿಗೆ ಕೂರಲೇ ಇಲ್ಲ. ಒಗೆದು ಮೆತ್ತಗಾದ ಹಳೆಯ ಪಂಚೆ ಅತ್ಯುತ್ತಮ. ಮನೆಯಲ್ಲಿ ಇಲ್ಲದಿದ್ದರೆ ಮಲ್ ಬಟ್ಟೆಯನ್ನು ಕೊಂಡು, ಒಮ್ಮೆ ನೀರಿಗೆ ಹಾಕಿ ಒಣಗಿಸಿ ಬಳಸಬೇಕು. ಪಲ್ಲಾವರಂನ ಪ್ರಸಿದ್ಧ ಶುಕ್ರವಾರದ ಸಂತೆಯಲ್ಲಿ ಹಳೆಯ ಸಾಮಾನುಗಳ ರಾಶಿಯ ನಡುವೆ ಗುಂಡಿ, ಬಕಲ್‌ಗಳನ್ನು ಹುಡುಕಿದ ಸಂತೋಷವೇ ಬೇರೆ.

ಸಿದ್ಧವಾದ ಅಗಲದ ಮೂರು ಪಟ್ಟು ಬಟ್ಟೆ ಬೇಕು. ಬಾಲಕನ ಕೈಪಟ್ಟಿ 16 ಸೆಂ.ಮೀ. ಬರಬೇಕಾದರೆ 48 ಸೆಂ.ಮೀ. ಬಟ್ಟೆ, ಜೊತೆಗೆ ಹೊಲಿಗೆಯ ಅಂಚಿಗೆ 2 ಸೆಂ.ಮೀ. ಬಟ್ಟೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಚುಕ್ಕಿಗಳನ್ನಿಡಬೇಕು: ಚುಕ್ಕಿಯಿಂದ ಚುಕ್ಕಿಗೆ 6 ಮಿ.ಮೀ., ಸಾಲಿನಿಂದ ಸಾಲಿಗೆ 1 ಸೆಂ.ಮೀ. ರಂಗೋಲಿ ಬಲ್ಲವರಿಗೆ ಇದು ಕಷ್ಟವಲ್ಲ. ಆದರೆ ಚುಕ್ಕಿ ಒಂದರ ಕೆಳಗೊಂದು ನೇರವಾಗಿರದಿದ್ದರೆ ನೆರಿಗೆ ಸೊಟ್ಟಗಾಗುತ್ತದೆ, ಮುಂದೆ ಸರಿಪಡಿಸಲಾಗದು. ಆರು ಸಾಲು ಸಾಕು. ಪ್ರತಿ ಸಾಲಿಗೂ ಬೇರೆ ನೂಲು. ಒಂದು ತುದಿಗೆ ಗಂಟು. ಪ್ರತಿ ಚುಕ್ಕಿಯಲ್ಲಿಯೂ ಬಟ್ಟೆಯ ಒಂದೆರಡು ಎಳೆಗಳನ್ನು ಸೂಜಿಯಿಂದ ಎತ್ತಿಕೊಂಡು ಸಾಗಬೇಕು. ಬಳಿಕ ಎಲ್ಲ ನೂಲುಗಳನ್ನೂ ಒಟ್ಟಿಗೆ ಎಳೆದು, ಬೇಕಾದ ಅಳತೆಗಿಂತ 1 ಸೆಂ.ಮೀ. ಬಿಗಿಯಾಗಿ, ಎರಡೆರಡನ್ನು ಸೇರಿಸಿ ಗಂಟು ಹಾಕಬೇಕು. ಎಂಬತ್ತು ನೆರಿಗೆಗಳು ಮುಂಬದಿಯಲ್ಲಿ ಸಾಲಾಗಿ ನಿಲ್ಲುತ್ತವೆ.

ಅಲಂಕಾರದ ಹೊಲಿಗೆ ಮುಂಬದಿಯಲ್ಲಿ, ಆರೆಳೆಯ ಕಸೂತಿ ದಾರದಿಂದ ಬಿಡಿಸಿಕೊಂಡ ಮೂರೆಳೆಯಲ್ಲಿ. ಮೊದಲ ಸಾಲಿಗೆ ಬಿಗಿಯಾದ ಕೇಬಲ್ ಹೊಲಿಗೆ: ದಾರವನ್ನು ಒಂದು ನೆರಿಗೆಗೆ ಸೂಜಿಯ ಮೇಲೆ, ಮುಂದಿನದಕ್ಕೆ ಸೂಜಿಯ ಕೆಳಗೆ ಇಡುತ್ತ ಸಾಗುವುದು. ಕೆಳಗಿನ ಸಾಲುಗಳಿಗೆ ಜೇನುಗೂಡು. ಎರಡು ನೆರಿಗೆಗಳನ್ನು ಎರಡು ಸಲ ಕೂಡಿಸಿ ಕಟ್ಟಿ, ಸೂಜಿಯನ್ನು ಎರಡನೆಯ ನೆರಿಗೆಯ ಒಳಗಿನಿಂದಲೇ ಕೆಳಸಾಲಿಗೆ ಇಳಿಸಿ, ಅಲ್ಲಿ ಎರಡನೆಯ, ಮೂರನೆಯ ನೆರಿಗೆಗಳನ್ನು ಕಟ್ಟಿ, ಮೂರನೆಯದರ ಒಳಗಿನಿಂದ ಮತ್ತೆ ಮೇಲೇರಬೇಕು. ಚೆನ್ನಾಗಿ ಹಿಗ್ಗುವುದು ಇದೇ. ಮುಗಿದ ಮೇಲೆ ಎಳೆನೂಲುಗಳನ್ನು ಬಿಚ್ಚಿ, ಇಸ್ತ್ರಿಪೆಟ್ಟಿಗೆಯನ್ನು ಒತ್ತದೆ ಹಬೆಯನ್ನಷ್ಟೇ ತೋರಿಸಬೇಕು. ಒತ್ತಿದರೆ ನೆರಿಗೆ ಸತ್ತಂತೆ. ಕೈಪಟ್ಟಿಯನ್ನು ತೋಳಿಗೆ ಜೋಡಿಸುವುದು ಇದಾದ ನಂತರವೇ.

ಇನ್ನು ಸಂಚಿ. ಚಿಕ್ಕದೇವರಾಜ ಒಡೆಯರ (1673–1704) ಕಾಲದ ಕವಯಿತ್ರಿ, ‘ಹದಿಬದೆಯ ಧರ್ಮ’ ರಚಿಸಿದ ಹೊನ್ನಮ್ಮನ ಹೆಸರಿಗೇ ಎಲೆಯಡಿಕೆಯ ಸಂಚಿ ಅಂಟಿಕೊಂಡಿದೆ. ಅವಳ ಪಾತ್ರಧಾರಿಣಿಯ ಕೈಯಲ್ಲಿ ಸಂಚಿ ಇಲ್ಲದಿದ್ದರೆ ಗುರುತೇ ಇಲ್ಲ. ಸಂಚಿಯ ಬಾಯಿಯೂ ನೆರಿಗೆ ಕಟ್ಟುವುದೇ. ಆದರೆ ಅಲ್ಲಿ ಕೆಲಸ ಮಾಡುವುದು ದಾರದ ಎಳೆತ, ಹೊಲಿಗೆಯಲ್ಲ. ಚೆಂದವಾಗಿ ಕಾಣುವುದೆಂದು ಅದಕ್ಕೂ ಸ್ಮಾಕಿಂಗ್ ಹಾಕೋಣವೆಂದು ನಮ್ಮಲ್ಲಿ ಕೆಲವರು ಹೇಳಿದ್ದುಂಟು. ನಾವು ಒಪ್ಪಲಿಲ್ಲ. ಗಟ್ಟಿಯಾದ ಕೈಮಗ್ಗದ ಬಟ್ಟೆಯಲ್ಲಿ ಎರಡು ಪದರದ ಚೀಲ ಹೊಲಿದು, ಒಳಗೆ ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಅರೆ ಮಾಡಿ, ಬಾಯಂಚಿನ ಕೊಳವೆಯಲ್ಲಿ ಎರಡೂ ಕಡೆಯಿಂದ ಹುರಿ ಸೇರಿಸಿದರೆ ಸಾಕು. ಕಿತ್ತೂರಿನ ಕಥೆಯಾದರೆ ಧಾರವಾಡ ಸೀಮೆಯ ಕಸೂತಿಯ ಗವಂತಿ ಹೊಲಿಗೆಯಲ್ಲಿ ಗೋಪುರವನ್ನೋ ತುಳಸಿಕಟ್ಟೆಯನ್ನೋ ಬಿಡಿಸಬಹುದು. ಗವಂತಿಯಲ್ಲಿ ಗಂಟು ಹಾಕುವಂತಿಲ್ಲ. ಹೋದ ದಾರಿಯಲ್ಲಿಯೇ ಹಿಂದಿರುಗಿ ಬಿಟ್ಟ ಎಡೆಗಳನ್ನು ತುಂಬಬೇಕು, ಎರಡು ಬದಿಯೂ ಒಂದೇ ತೆರನಾಗಿ ಕಾಣಬೇಕು.

ಕೈಪಟ್ಟಿಯ ಜೋಡಿಯೊಂದಕ್ಕೆ ನಮಗೆ ನಾಲ್ಕು ಸಂಜೆಗಳು ಹಿಡಿದವು. ಸಂಚಿಗೆ ಒಂದೇ ಸಂಜೆ. ಚೆನ್ನೈನ ತೇವದ ಹವೆಗೆ ಇವುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಡದೆ, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಬೇವಿನ ಒಣ ಎಲೆಗಳೊಡನೆ ಇರಿಸಬೇಕು.