ಸ್ಟೀರಾಯ್ಡ್ ಮುಲಾಮಿನ ಸುರಕ್ಷಿತ ಬಳಕೆ: ಜಾಗ, ಅಳತೆ, ಅವಧಿ

ಸಾರಾಂಶ

ಚರ್ಮದ ಉರಿಯೂತಕ್ಕೆ ಕೊಡುವ ಸ್ಟೀರಾಯ್ಡ್ ಮುಲಾಮಿನಿಂದ ನಮ್ಮಲ್ಲಿ ಎರಡು ವಿರುದ್ಧ ಬಗೆಯ ತೊಂದರೆಗಳು ಕಾಣುತ್ತವೆ. ಬೇಡದ ಕಡೆ ತಿಂಗಳುಗಟ್ಟಲೆ ಹಚ್ಚಿ ಚರ್ಮ ಕೆಡಿಸಿಕೊಳ್ಳುವವರು ಒಂದು ಕಡೆ, ಬೇಕಾದ ಕಡೆಯೂ ಹೆದರಿ ಹಚ್ಚದೆ ನರಳುವವರು ಇನ್ನೊಂದು ಕಡೆ. ಎರಡಕ್ಕೂ ಮುಖ್ಯ ಕಾರಣವೊಂದೇ: ಯಾವ ರೋಗಕ್ಕೆ, ಯಾವ ಜಾಗಕ್ಕೆ, ಎಷ್ಟು ಮತ್ತು ಎಷ್ಟು ದಿನ ಎಂಬ ವಿವರ ರೋಗಿಯನ್ನು ಮುಟ್ಟುತ್ತಿಲ್ಲ. ಈ ವಿವರ ಔಷಧಚೀಟಿಯಲ್ಲೇ, ರೋಗಿಯ ಭಾಷೆಯಲ್ಲೇ ಇರಬೇಕೆಂದು ಈ ಲೇಖನ ವಾದಿಸುತ್ತದೆ.

ಪ್ರಮುಖ ಪದಗಳು: ಸ್ಟೀರಾಯ್ಡ್ ಮುಲಾಮು, ಇಸುಬು, ಬೆರಳತುದಿ ಅಳತೆ, ಹುಳುಕಡ್ಡಿ, ಔಷಧಚೀಟಿ

1. ಪೀಠಿಕೆ

ಅಡ್ರಿನಲ್ ಗ್ರಂಥಿಯ ಹಾರ್ಮೋನುಗಳ ಸಂಶೋಧನೆಗಾಗಿ ಕೆಂಡಾಲ್, ರೈಕ್‌ಸ್ಟೈನ್ ಮತ್ತು ಹೆಂಚ್ ಅವರಿಗೆ 1950ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1952ರಲ್ಲಿ ಸಲ್ಜ್‌ಬರ್ಗರ್ ಮತ್ತು ವಿಟನ್, ಹೈಡ್ರೋಕಾರ್ಟಿಸೋನನ್ನು ಚರ್ಮಕ್ಕೇ ಹಚ್ಚಿದಾಗ ಕೆಲವು ಚರ್ಮರೋಗಗಳು ಶಮನವಾಗುವುದನ್ನು ವರದಿ ಮಾಡಿದರು. ಇಸುಬು, ಸೋರಿಯಾಸಿಸ್, ಸಂಪರ್ಕದಿಂದ ಬರುವ ಅಲರ್ಜಿ ಮುಂತಾದವುಗಳ ಚಿಕಿತ್ಸೆ ಅಂದಿನಿಂದ ಬದಲಾಯಿತು.

ಈ ಔಷಧ ಜೀವಕೋಶದೊಳಗಿನ ಗ್ರಾಹಿಗೆ ಅಂಟಿಕೊಂಡು, ಉರಿಯೂತ ಹುಟ್ಟಿಸುವ ವಸ್ತುಗಳ ತಯಾರಿಯನ್ನು ತಗ್ಗಿಸುತ್ತದೆ. ಚರ್ಮದ ಕಿರು ರಕ್ತನಾಳಗಳನ್ನು ಕುಗ್ಗಿಸುತ್ತದೆ. ಕೆಂಪು, ಊತ, ತುರಿಕೆ ಇಳಿಯುವುದು ಹೀಗೆ. ಆದರೆ ಕೊಲಾಜೆನ್ ತಯಾರಿಯನ್ನೂ ಚರ್ಮದ ರೋಗನಿರೋಧಶಕ್ತಿಯನ್ನೂ ಅದು ಕುಗ್ಗಿಸುತ್ತದೆ. ಗುಣವೂ ದೋಷವೂ ಒಂದೇ ಔಷಧಶಕ್ತಿಯ ಫಲಗಳಾದ್ದರಿಂದ, ಒಂದು ಟ್ಯೂಬು ಸುರಕ್ಷಿತವೇ ಅಲ್ಲವೇ ಎಂದು ಬಳಕೆಯ ರೀತಿ ನೋಡದೆ ಹೇಳಲಾಗದು.

2. ಪ್ರಬಲತೆ ಮತ್ತು ಜಾಗ

1 ಶೇಕಡಾ ಹೈಡ್ರೋಕಾರ್ಟಿಸೋನ್ ಸೌಮ್ಯ ವರ್ಗಕ್ಕೆ ಸೇರುತ್ತದೆ; 0.05 ಶೇಕಡಾ ಕ್ಲೋಬೆಟಾಸಾಲ್ ಅತಿ ಪ್ರಬಲ. ಶೇಕಡಾವಾರು ಅಂಕಿ ನೋಡಿ ಪ್ರಬಲತೆ ಅಳೆಯಬಾರದು ಎಂಬುದು ಇದರಿಂದಲೇ ಸ್ಪಷ್ಟ. ಕ್ಲೋಬೆಟಾಸಾಲನ್ನು ಸಾಮಾನ್ಯವಾಗಿ ಒಂದೇ ಸಮನೆ ಎರಡು ವಾರ ಮೀರಿ, ವಾರಕ್ಕೆ 50 ಗ್ರಾಂ ಮೀರಿ ಬಳಸುವಂತಿಲ್ಲ.

ಜಾಗವೂ ಅಷ್ಟೇ ಮುಖ್ಯ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ದೇಹದ ಬೇರೆಬೇರೆ ಭಾಗಗಳು ಹೈಡ್ರೋಕಾರ್ಟಿಸೋನನ್ನು ಎಷ್ಟು ಹೀರುತ್ತವೆಂದು ಅಳೆದರು. ಮುಂಗೈ ಹೀರಿದ್ದನ್ನು 1 ಎಂದಿಟ್ಟುಕೊಂಡರೆ ಅಂಗಾಲಿನದು 0.14, ಹಣೆಯದು 6, ದವಡೆಯ ಮೂಲೆಯದು 13, ವೃಷಣದ ಚರ್ಮದ್ದು 42. ಅಂಗಾಲಿನ ದಪ್ಪಗಟ್ಟಿದ ಇಸುಬಿಗೆ ತಕ್ಕ ಮುಲಾಮು ಅದೇ ಮನುಷ್ಯನ ಮುಖಕ್ಕೂ ತೊಡೆಸಂದಿಗೂ ಏಕೆ ಆಗಿಬರುವುದಿಲ್ಲ ಎಂಬುದಕ್ಕೆ ಈ ಅಂಕಿಗಳೇ ಉತ್ತರ. ಕಣ್ಣಿನ ಸುತ್ತ ದೀರ್ಘಕಾಲ ಹಚ್ಚಿದರೆ ಗ್ಲಾಕೋಮಾ ಮತ್ತು ಪೊರೆಯ ಅಪಾಯವಿದೆ. ಕೂಸುಗಳಿಗೆ ಡೈಪರಿನೊಳಗೆ ಹಚ್ಚಿದ ಔಷಧ ಗಾಳಿಯಾಡದೆ ಹೆಚ್ಚು ಒಳಗಿಳಿಯುತ್ತದೆ. ಅಡ್ರಿನಲ್ ಗ್ರಂಥಿಯ ಕೆಲಸವನ್ನೇ ಅದು ಕುಗ್ಗಿಸಬಹುದು.

3. ಅಳತೆ

ವೈದ್ಯರು ಬಾಯಲ್ಲಿ ಹೇಳಿ ಕಳಿಸುವ ‘ತೆಳುವಾಗಿ ಹಚ್ಚಿ’ ಎಂಬ ಸೂಚನೆಯಲ್ಲಿ ಅಳತೆಯಿಲ್ಲ. ಲಾಂಗ್ ಮತ್ತು ಫಿನ್ಲೆ 1991ರಲ್ಲಿ ವಿವರಿಸಿದ ಬೆರಳತುದಿ ಅಳತೆ ಈ ಕೊರತೆಯನ್ನು ನೀಗಿಸುತ್ತದೆ. 5 ಮಿ.ಮೀ. ಬಾಯಿಯ ಟ್ಯೂಬಿನಿಂದ, ವಯಸ್ಕರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಒಂದು ಅಳತೆ. ತೂಕ ಸುಮಾರು 0.5 ಗ್ರಾಂ. ಬೆರಳುಗಳೂ ಸೇರಿ ಎರಡು ಅಂಗೈಯಷ್ಟು ಅಗಲದ ಚರ್ಮಕ್ಕೆ ಅದು ಸಾಕು. ಒಂದು ಹಸ್ತದ ಎರಡೂ ಬದಿಗೆ 1 ಅಳತೆ, ಒಂದು ತೋಳಿಗೆ 3, ಒಂದು ಪಾದಕ್ಕೆ 2, ಒಂದು ಕಾಲಿಗೆ 6 ಬೇಕಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ಎರಡೂ ಹಸ್ತಗಳ ಇಸುಬಿಗೆ ರಾತ್ರಿ ಒಮ್ಮೆ ಹಚ್ಚಿದರೆ ದಿನಕ್ಕೆ 1 ಗ್ರಾಂ. 15 ಗ್ರಾಮಿನ ಟ್ಯೂಬು ಎರಡು ವಾರ ಬರುತ್ತದೆ. ರೋಗ ಎರಡೂ ತೋಳುಗಳಿಗೆ ಹಸ್ತಸಮೇತ ಹಬ್ಬಿದ್ದರೆ ಪ್ರತಿ ಸಲಕ್ಕೆ 8 ಅಳತೆ, ಅಂದರೆ 4 ಗ್ರಾಂ. ಅದೇ ಟ್ಯೂಬು ನಾಲ್ಕು ದಿನವೂ ಪೂರ್ತಿ ಬಾಳುವುದಿಲ್ಲ. ಈ ರೋಗಿ ಒಂದೇ ಟ್ಯೂಬಿನಲ್ಲಿ ತಿಂಗಳು ತಳ್ಳಿದರೆ, ‘ಔಷಧ ಹಿಡಿಯಲಿಲ್ಲ’ ಎಂಬ ದೂರಿನ ಹಿಂದೆ ಅಳತೆಯ ಕೊರತೆಯೇ ಇದ್ದೀತು. ಇತ್ತ ಮುಖಕ್ಕೆಂದು ಕೊಟ್ಟ ಟ್ಯೂಬು ವಾರದಲ್ಲೇ ಖಾಲಿಯಾದರೆ ಅತಿಬಳಕೆಯ ಸುಳಿವು ಸಿಗುತ್ತದೆ.

4. ದುರ್ಬಳಕೆಯ ಎರಡು ಮುಖಗಳು

ಭಾರತದ 12 ಕೇಂದ್ರಗಳಲ್ಲಿ ಸಾರಸ್ವತ್ ಮತ್ತು ಸಂಗಡಿಗರು ನಡೆಸಿದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮುಖದ ಚರ್ಮರೋಗಗಳಿದ್ದ 2926 ಜನರ ಪೈಕಿ 433 ಮಂದಿ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಬಣ್ಣ ಬೆಳ್ಳಗಾಗಲಿ ಎಂದೋ ಮೊಡವೆ ಹೋಗಲಿ ಎಂದೋ ಹಚ್ಚುತ್ತಿದ್ದವರೇ ಅವರಲ್ಲಿ ಅರ್ಧಕ್ಕೂ ಹೆಚ್ಚು. ಬಂಗು ಎಂಬ ಮುಖದ ಕಪ್ಪುಕಲೆಗೆಂದು ಬರೆದುಕೊಡುವ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ (ಸ್ಟೀರಾಯ್ಡ್) ಮಿಶ್ರಣವೂ ಮನೆಮಂದಿಯ ಕೈ ಸೇರಿ ನಿತ್ಯದ ಕ್ರೀಮಾಗುತ್ತದೆ. ಮೊದಲ ವಾರಗಳಲ್ಲಿ ಮುಖ ತಿಳಿಯಾದಂತೆ ಕಾಣುತ್ತದೆ. ಬರಬರುತ್ತ ಚರ್ಮ ತೆಳುವಾಗಿ ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆಯಂಥ ಗುಳ್ಳೆಗಳೂ ಕೂದಲೂ ಹೆಚ್ಚುತ್ತವೆ. ಬಿಟ್ಟರೆ ಉರಿ, ಕೆಂಪು ಮರುಕಳಿಸುತ್ತವೆ. ಹಾಗಾಗಿ ರೋಗಿ ಮತ್ತೆ ಅದನ್ನೇ ಹಚ್ಚುತ್ತಾರೆ. ಈ ಹಂತ ತಲುಪಿದವರು ತಾವಾಗಿ ಪ್ರಯೋಗ ಮಾಡದೆ ಚರ್ಮತಜ್ಞರ ನಿಗಾದಲ್ಲಿ ಬಿಡಬೇಕು.

ಎರಡನೆಯದು ಹುಳುಕಡ್ಡಿ. ಸ್ಟೀರಾಯ್ಡ್, ಆ್ಯಂಟಿಬಯೋಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಮುಲಾಮು ತುರಿಕೆಯನ್ನು ಬೇಗ ಅಡಗಿಸುತ್ತದೆ. ಶಿಲೀಂಧ್ರ ಮಾತ್ರ ಒಳಗೇ ಹಬ್ಬುತ್ತದೆ. ಅಂಚಿನ ಕೆಂಪು ಉಂಗುರ ಮಾಸಿ ರೋಗದ ಗುರುತೇ ಸಿಗದಂತಾಗುವ ಈ ಸ್ಥಿತಿಯನ್ನು ಐವ್ ಮತ್ತು ಮಾರ್ಕ್ಸ್ 1968ರಲ್ಲೇ ವಿವರಿಸಿದ್ದರು. ಶಿಲೀಂಧ್ರನಾಶಕವಾದ ಟರ್ಬಿನಾಫಿನ್‌ಗೂ ಹಲವೊಮ್ಮೆ ಬಗ್ಗದ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಶಿಲೀಂಧ್ರ 2020ರಲ್ಲಿ ಪ್ರತ್ಯೇಕ ಪ್ರಭೇದವೆಂದು ಹೆಸರು ಪಡೆಯಿತು. ಭಾರತದಲ್ಲಿ ಅದು ಹಬ್ಬಲು ಇಂಥ ಮಿಶ್ರಣಗಳ ಬಳಕೆಯೂ ಒಂದು ಕಾರಣವೆಂದು ತಜ್ಞರು ಗುರುತಿಸಿದ್ದಾರೆ. ಉಂಗುರದಂತೆ ಹಬ್ಬುವ ತುರಿಕೆಗೆ ರೋಗ ಖಚಿತವಾಗುವ ಮೊದಲು ಸ್ಟೀರಾಯ್ಡ್ ಹಚ್ಚಲೇಬಾರದು.

2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳಿಗೆ ವೈದ್ಯರ ಚೀಟಿಯನ್ನು ಕಡ್ಡಾಯಗೊಳಿಸಿತು. ಇದು ಅಗತ್ಯ ಹೆಜ್ಜೆ. ಆದರೆ ಚೀಟಿ ಹಿಡಿದು ಬಂದವರಿಗೂ ಅಳತೆ ಗೊತ್ತಿಲ್ಲದಿದ್ದರೆ ಆ ನಿಯಮದ ಫಲ ಅರ್ಧಕ್ಕೇ ನಿಲ್ಲುತ್ತದೆ.

5. ಭಯದ ಬೆಲೆ

ದುರ್ಬಳಕೆಯ ಸುದ್ದಿ ಕೇಳಿದ ತಾಯಂದಿರು ಇಸುಬಿರುವ ಮಗುವಿಗೂ ಮುಲಾಮು ಬೇಡವೆನ್ನುತ್ತಾರೆ. ಮಗು ರಾತ್ರಿಯೆಲ್ಲ ಕೆರೆದುಕೊಂಡು ನಿದ್ದೆಗೆಡುತ್ತದೆ. ಕೆರೆದ ಗಾಯಕ್ಕೆ ಸೋಂಕು ತಗಲುತ್ತದೆ. 2022ರ ಕಾಕ್ರೇನ್ ಪರಾಮರ್ಶೆ ಇಲ್ಲಿ ಉಪಯುಕ್ತ. ಇಸುಬಿನ 22 ಪ್ರಯೋಗಗಳ 2266 ಜನರಲ್ಲಿ ಚರ್ಮ ತೆಳುವಾದದ್ದು 26 ಮಂದಿಗೆ, ಅದೂ ಬಹುಪಾಲು ಪ್ರಬಲ ಮುಲಾಮುಗಳಿಂದ. ಇವು ಹೆಚ್ಚಾಗಿ ಅಲ್ಪಾವಧಿಯ ಪ್ರಯೋಗಗಳಾದ್ದರಿಂದ ವರ್ಷಗಟ್ಟಲೆ ಬಳಕೆಗೆ ಈ ಭರವಸೆ ಅನ್ವಯಿಸದು. ಪ್ರಬಲ ಮುಲಾಮನ್ನು ದಿನಕ್ಕೆರಡು ಸಲ ಹಚ್ಚುವುದಕ್ಕೂ ಒಮ್ಮೆ ಹಚ್ಚುವುದಕ್ಕೂ ಫಲದಲ್ಲಿ ಹೆಚ್ಚು ವ್ಯತ್ಯಾಸವಿಲ್ಲವೆಂದೂ, ರೋಗ ತಗ್ಗಿದ ಮೇಲೆ ವಾರಕ್ಕೆ ಎರಡು ದಿನ ಹಚ್ಚಿದರೆ ಮರುಕಳಿಕೆ ಇಳಿಯುತ್ತದೆಂದೂ ಅದು ತಿಳಿಸುತ್ತದೆ.

6. ಉಪಸಂಹಾರ

ಮೇಲಿನ ಚರ್ಚೆಯನ್ನೆಲ್ಲ ಒಂದು ಚೀಟಿಯಲ್ಲಿ ಹೀಗೆ ಬರೆಯಬಹುದು: ‘ಕೈ ಇಸುಬಿಗೆ. ಕ್ಲೋಬೆಟಾಸಾಲ್ 0.05%. ರಾತ್ರಿ ಒಮ್ಮೆ, ಪ್ರತಿ ಹಸ್ತಕ್ಕೆ ಒಂದು ಬೆರಳತುದಿ, ಎರಡು ವಾರ ಮಾತ್ರ. ಮುಖಕ್ಕೆ, ತೊಡೆಸಂದಿಗೆ ಬೇಡ. ಮನೆಯ ಬೇರೆಯವರಿಗೆ ಕೊಡಬೇಡಿ. ಎರಡು ವಾರದ ನಂತರ ಬಂದು ತೋರಿಸಿ.’ ಇದನ್ನು ಕನ್ನಡದಲ್ಲಿ ಬರೆಯಲು ವೈದ್ಯರಿಗೆ ಒಂದು ನಿಮಿಷ ಸಾಕು. ಔಷಧಿ ಅಂಗಡಿಯವರೂ ಮನೆಯವರೂ ಓದಿ ಪಾಲಿಸಬಲ್ಲ ಇಂಥ ಬರಹ ಚಿಕಿತ್ಸೆಯ ಭಾಗವೇ ಆಗಬೇಕು. ಅದಿಲ್ಲದೆ ಮುಲಾಮನ್ನಷ್ಟೇ ಬರೆದುಕೊಟ್ಟರೆ, ಪ್ರಮಾಣ ತಿಳಿಸದೆ ಔಷಧ ಕೊಟ್ಟಂತೆಯೇ ಸರಿ.