ಚೆನ್ನೆಮಣೆ ಮತ್ತು ಐವತ್ತಾರು ಮಂಜೊಟ್ಟಿ

ಮಕ್ಕಳ ಆಟಿಕೆಗೂ ಒಂದು ಇತಿಹಾಸವಿದೆಯೆಂದರೆ ಕೆಲವರು ನಕ್ಕಾರು. ಶಾಸನಗಳು, ದೇವಸ್ಥಾನಗಳು, 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಪ್ರಸಂಗ – ನಮ್ಮ ನಾಡಿನ ಚರಿತ್ರೆ ಬರೆಯಹೊರಟವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಹಳೆಯ ಮನೆಗಳ ಅಟ್ಟದಲ್ಲಿ ಮಸಿ ಹಿಡಿದು ಕುಳಿತಿರುವ ಚೆನ್ನೆಮಣೆಯೂ ಒಂದು ದಾಖಲೆಯೇ. ಮಕ್ಕಳ ಕೈಗೆ ಎಂಥ ವಸ್ತುವನ್ನು ಕೊಡಬೇಕು, ಕೊಟ್ಟದ್ದನ್ನು ಹೇಗೆ ಕಾಪಾಡಬೇಕು ಎಂಬ ಬಗ್ಗೆ ಹಿರಿಯರಿಗಿದ್ದ ತಿಳುವಳಿಕೆಯನ್ನು ಅದರಲ್ಲಿ ಓದಬಹುದು.

ಒಂದೇ ಮರದ ತುಂಡಿನಲ್ಲಿ ಏಳೇಳರ ಎರಡು ಸಾಲು ಗುಳಿಗಳು, ಗುಳಿಗೆ ನಾಲ್ಕರಂತೆ ಒಟ್ಟು 56 ಕಾಯಿಗಳು. ಒಂದು ಗುಳಿಯಿಂದ ಎತ್ತಿದ ಕಾಯಿಗಳನ್ನು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗುವುದೇ ಆಟದ ಮೂಲ. ಘಟ್ಟದ ಮೇಲಿನವರು ಇದನ್ನು ಅಳಗುಳಿಮಣೆ ಎನ್ನುತ್ತಾರೆ; ತಮಿಳರಿಗೆ ಪಲ್ಲಾಂಗುಳಿ. ಆಫ್ರಿಕಾದಿಂದ ಮಲಯದವರೆಗೆ ಇದರ ದಾಯಾದಿಗಳಿವೆ. ಎಚ್.ಜೆ.ಆರ್. ಮರ್ರೆ ಎಂಬ ಇಂಗ್ಲಿಷ್ ವಿದ್ವಾಂಸರು 1952ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಬಳಗವನ್ನು ಮಂಕಾಲ ಎಂಬ ಹೆಸರಿನಲ್ಲಿ ವಿವರಿಸಿದ್ದಾರೆ.

ನಮ್ಮಲ್ಲಿ ಇದು ಆಟಿ ತಿಂಗಳ ಆಟ. ಮಲಯಾಳಿ ಬಂಧುಗಳ ಕರ್ಕಿಡಕವೂ ಅದೇ ತಿಂಗಳು, ಮಳೆಯೂ ಅದೇ. ನೇಜಿ ನೆಟ್ಟಾಗಿದೆ, ಹೊರಗೆ ಕಾಲಿಡುವಂತಿಲ್ಲ. ಅಟ್ಟದಿಂದ ಮಣೆ ಇಳಿಯುತ್ತದೆ. ಉಳಿದ ತಿಂಗಳುಗಳಲ್ಲಿ ಆಡಕೂಡದೆಂಬ ಕಟ್ಟುಪಾಡು. ಅಕ್ಕ ತಂಗಿ ಎದುರುಬದುರು ಕೂರಬಾರದೆಂದೂ ಹೇಳುವುದುಂಟು. ಇದರ ಹಿಂದೆ ಸಿರಿ ಪಾಡ್ದನದ ಕಥೆಯಿದೆ. ಅವಳಿ ಸೋದರಿಯರಾದ ಅಬ್ಬಗ ದಾರಗರು ಚೆನ್ನೆಯಾಡುತ್ತ ಜಗಳಕ್ಕಿಳಿದು, ಒಬ್ಬಳ ಕೈಯ ಮಣೆ ಇನ್ನೊಬ್ಬಳ ಪ್ರಾಣ ತೆಗೆಯುತ್ತದೆ. ಉಳಿದವಳು ಬಾವಿಗೆ ಹಾರುತ್ತಾಳೆ. ಗೋಪಾಲ ನಾಯ್ಕರು ಹಾಡಿದ ಈ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಮತ್ತು ಸಂಗಡಿಗರು 1990ರಲ್ಲಿ ಧ್ವನಿಮುದ್ರಿಸಿಕೊಂಡು 1998ರಲ್ಲಿ ಪ್ರಕಟಿಸಿದರು. ಇಷ್ಟು ಭಾರವಾದ ಕಥೆ ಹೊತ್ತ ಆಟಿಕೆ ಬೇರೆಲ್ಲಿದೆಯೋ! ವರ್ಷಕ್ಕೊಮ್ಮೆ ಮಾತ್ರ ಇಳಿಸುವ ಕಟ್ಟುಪಾಡಿನಿಂದಲೇ ಅಜ್ಜಿಯ ಕಾಲದ ಮಣೆ ಮೊಮ್ಮಕ್ಕಳವರೆಗೆ ಬಾಳಿತೆಂದು ನನ್ನ ಊಹೆ.

ಕಾಯಿಗಳ ವಿಷಯಕ್ಕೆ ಬರೋಣ. ಇಡೀ ಕೆಂಪಗೆ ಹೊಳೆಯುವ ಮಂಜೊಟ್ಟಿ, ಅಂದರೆ ಮಲಯಾಳದ ಮಂಜಾಡಿ, ಇದಕ್ಕೆ ಹೇಳಿಸಿದ್ದು. ಅಕ್ಕಸಾಲಿಗರಿಗೆ ಅದು ಹಿಂದೆ ತೂಕದ ಕಲ್ಲೂ ಆಗಿತ್ತು. 20 ಮಂಜಾಡಿಗೆ ಒಂದು ಕಳಂಜು. ಬ್ಯಾಂಕಿನಲ್ಲಿ ಚಿನ್ನದ ಸಾಲದ ಮೇಜಿನೆದುರು ವರ್ಷಗಟ್ಟಲೆ ಕುಳಿತ ನನಗೆ ಈ ಲೆಕ್ಕದಲ್ಲಿ ಸ್ವಲ್ಪ ಚಪಲ. ನಾಲ್ಕು ಕಾಯಿಗೆ ಸುಮಾರು ಒಂದು ಗ್ರಾಂ. ಗುಳಿಗೊಂದು ಗ್ರಾಂ, ಮಣೆ ತುಂಬ 14 ಗ್ರಾಂ, ಎಂದರೆ ಒಂದೂಮುಕ್ಕಾಲು ಪವನು!

ಗುಲಗಂಜಿಯೂ ತೂಕದ ಬೀಜವೇ. ಶ್ರೀಲಂಕೆಯಲ್ಲಿ ಈ ಆಟಕ್ಕೆ ಅದರಿಂದಲೇ ಒಲಿಂದ ಕೇಳಿಯ ಎಂಬ ಹೆಸರು ಬಂದಿದೆ. ಆದರೆ ಕಪ್ಪು ಕಣ್ಣಿನ ಆ ಬೀಜ, ಮಲಯಾಳದ ಕುನ್ನಿಕ್ಕುರು, ಘೋರ ವಿಷ. ಗಟ್ಟಿ ಸಿಪ್ಪೆ ಒಡೆಯದಿದ್ದರೆ ಅಪಾಯ ಕಡಿಮೆ. ಮಗು ಜಗಿದರೆ ಅಥವಾ ತೂತು ಕೊರೆದದ್ದನ್ನು ನುಂಗಿದರೆ ಜೀವಕ್ಕೇ ಎರವು. ಮಂಜೊಟ್ಟಿ ಸಿಗಲಿಲ್ಲವೆಂದು ಗುಲಗಂಜಿ ಹಾಕಿಕೊಡಬೇಡಿ, ಹುಣಿಸೆ ಬೀಜ ಸಾಕು. ಯಾವ ಬೀಜವಾದರೂ ಮೂರು ವರ್ಷದೊಳಗಿನ ಕೂಸಿನ ಕೈಗೆ ಸಿಗಬಾರದು, ಗಂಟಲಲ್ಲಿ ಸಿಕ್ಕೀತು.

ಹೊಸ ಮಣೆ ಕೊಳ್ಳುವವರಿಗೆ ಎರಡು ಮಾತು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೆ ವಿನಾಯಿತಿಯಿದೆ. ಊರ ಆಚಾರಿಯವರು ಕೆತ್ತಿಕೊಟ್ಟ ಮಣೆಯಲ್ಲಿ ಮುದ್ರೆ ಹುಡುಕಿ ಫಲವಿಲ್ಲ, ನಮ್ಮ ಬೆರಳೇ ಪರೀಕ್ಷಕ. ಗುಳಿಯೊಳಗೆ ಬೆರಳಾಡಿಸಿ ನೋಡಿ, ಸಿಬಿರು ತಾಗಬಾರದು. ಮಗುವಿನ ಐದೂ ಬೆರಳು ಒಳಗೆ ಹೋಗಬೇಕು. ಆಟ ಏರಿದಾಗ ಒಂದೇ ಗುಳಿಯಲ್ಲಿ ಹತ್ತು ಹನ್ನೆರಡು ಕಾಯಿ ಸೇರುತ್ತವೆ, ಅವು ಹೊರಗುರುಳಬಾರದು. ಷೋಕೇಸಿಗೆಂದೇ ಮಾಡಿದ, ವಾರ್ನಿಶ್ ಮೆತ್ತಿದ ತಟ್ಟೆಯಂಥ ಮಣೆಗಳು ನೋಡಲು ಚೆಂದ, ಆಡಲು ಬಾರವು. ಬಣ್ಣ ಹಚ್ಚದ ಹಲಸಿನ ಮರದ ಮಣೆಯೇ ನನಗೆ ಮೆಚ್ಚು.

ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ನಮ್ಮ ಮಳೆಗಾಲದ ಬೂಷ್ಟಿಗೆ ಒಣ ಬಟ್ಟೆ, ಸೋಣದ ಎಳೆ ಬಿಸಿಲು, ಬಳಿಕ ತೆಳ್ಳಗೆ ಒಂದು ಕೈ ತೆಂಗಿನೆಣ್ಣೆ. ಹಿಂದೆ ಒಲೆಯ ಹೊಗೆಯೇ ಹುಳ ಬಾರದಂತೆ ಕಾಯುತ್ತಿತ್ತು. ಗ್ಯಾಸ್ ಬಂದ ಮನೆಗಳಲ್ಲಿ ಮಣೆಯನ್ನು ನೆಲಕ್ಕೂ ಗೋಡೆಗೂ ತಾಗದಂತೆ ಇಡಬೇಕು, ಒರಲೆಯ ಭಯ.

ನಮ್ಮ ಅಜ್ಜಿ ಕಾಯಿಗಳನ್ನು ಎಣಿಸದೆ ಮಣೆಯನ್ನು ಅಟ್ಟಕ್ಕೇರಿಸುತ್ತಿರಲಿಲ್ಲ. ಎಣಿಕೆಯ ಕೆಲಸ ಮನೆಯ ಅತಿ ಕಿರಿಯರದು, ಗಟ್ಟಿ ಸ್ವರದಲ್ಲಿ, ಕನ್ನಡದಲ್ಲೇ. ಈಗ ನಮ್ಮ ಮನೆಯಲ್ಲಿ ಪಕ್ಕದ ಮನೆಯ ಮಲಯಾಳಿ ಹುಡುಗಿಯೂ ಆಡಲು ಬರುತ್ತಾಳೆ. ಅವಳು ಅನ್ಬತ್ತಿಆರ್ ಎನ್ನುವಾಗ ನನ್ನ ಮಗಳು ಐವತ್ತಾರು ಎನ್ನುತ್ತಾಳೆ.