ನಡುಗುವ ಕೈಯೂ ನೀಡುವ ಕೈಯೂ

ಡೊಂಬಿವಲಿಯಲ್ಲಿ ನಮ್ಮ ನೆರೆಮನೆಯ ಮಾಸ್ತರರು ಮುಂಬಯಿಯ ಕನ್ನಡ ರಾತ್ರಿಶಾಲೆಯೊಂದರಲ್ಲಿ ಬಹುಕಾಲ ಪಾಠ ಹೇಳಿದವರು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ನಿದ್ದೆಗಣ್ಣಿನಲ್ಲಿ ತರಗತಿಗೆ ಬಂದು ಕೂರುತ್ತಿದ್ದ ಹುಡುಗರ ಕೈಹಿಡಿದು ಅಕ್ಷರ ತಿದ್ದಿಸಿದವರು. ಕೆಲವು ವರ್ಷಗಳ ಹಿಂದೆ ಸಮಾರಂಭವೊಂದಕ್ಕಾಗಿ ಅವರು ಬರೆದುಕೊಟ್ಟ ಸ್ವಾಗತಭಾಷಣದ ಹಾಳೆಯನ್ನು ಕೈಗೆತ್ತಿಕೊಂಡಾಗ, ಮೊದಲನೆಯ ಸಾಲು ಎಂದಿನಂತೆ ದುಂಡಗೆ ನಿಂತಿದ್ದರೂ, ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಅಕ್ಷರಗಳು ಕುಗ್ಗುತ್ತ, ಏಳನೆಯ ಸಾಲಿನಲ್ಲಿ ಒತ್ತುಗಳೂ ದೀರ್ಘಗಳೂ ಒಂದರೊಳಗೊಂದು ಸೇರಿ, ಹಾಳೆಯ ಅಂಚಿನಲ್ಲಿ ಬರಿಯ ಸಾಸಿವೆಕಾಳಿನ ಸಾಲಾಗಿ ಉಳಿದುದನ್ನು ಕಂಡೆನು. ಆಗ ಅವರ ಕೈ ಇನ್ನೂ ನಡುಗುತ್ತಿರಲಿಲ್ಲ. ಕೈ ನಡುಗುವುದಕ್ಕೆ ಮೊದಲೇ ಬರಹ ಸಣ್ಣದಾಗುವುದು ಪಾರ್ಕಿನ್ಸನ್ ವ್ಯಾಧಿಯ ಮುನ್ಸೂಚನೆಯಾಗಿರಬಹುದೆಂಬುದನ್ನು ವೈದ್ಯರು ಹೇಳಿದ ಮೇಲೆಯೇ ನಾವು ಅರಿತುದು. ಆ ಹಾಳೆ ಇಂದಿಗೂ ನನ್ನ ಬಳಿಯಲ್ಲಿದೆ. ಈ ವ್ಯಾಧಿಯನ್ನು ಕುರಿತು ನಮ್ಮ ನಾಡಿನಲ್ಲಿ ನಡೆದ ಅನ್ವೇಷಣೆಯ ಇತಿಹಾಸವನ್ನು ನಾನು ಹುಡುಕತೊಡಗಿದುದು ಅದರ ಪ್ರೇರಣೆಯಿಂದಲೇ.

ಹುಡುಕುತ್ತ ಹೋದಂತೆ ಈ ಇತಿಹಾಸವು ಪ್ರಯೋಗಶಾಲೆಗಳ ಚರಿತ್ರೆಯಷ್ಟೇ ಅಲ್ಲ, ದಾನದ ಚರಿತ್ರೆಯೂ ಹೌದೆಂದು ನನಗೆ ಮನವರಿಕೆಯಾಯಿತು. ದಾನವನ್ನು ಕಲ್ಲಿನಲ್ಲಿ ಕೆತ್ತಿಡುವ ಪದ್ಧತಿ ನಮ್ಮ ಈ ಪ್ರಾಂತಕ್ಕೆ ಬಹು ಪುರಾತನವಾದುದು. ಥಾಣೆಯ ಪಶ್ಚಿಮಕ್ಕೆ ಹಬ್ಬಿರುವ ಅರಣ್ಯಪರ್ವತವನ್ನು ಬೋರಿವಲಿಯ ಕಡೆಯಿಂದ ಏರಿದರೆ ಕನ್ಹೇರಿಯ ಗುಹೆಗಳು ದೊರೆಯುತ್ತವೆ. ಅಲ್ಲಿಯ ಪ್ರಾಚೀನ ಬ್ರಾಹ್ಮೀ ಬರಹಗಳಲ್ಲಿ ಕಲ್ಯಾಣವೆಂಬ ರೇವುಪಟ್ಟಣದ ದಾನಿಗಳ ಹೆಸರುಗಳು ಮತ್ತೆಮತ್ತೆ ಬರುತ್ತವೆ; ಅವರಲ್ಲಿ ಭಿಕ್ಷುಗಳಿಗಾಗಿ ನೀರಿನ ತೊಟ್ಟಿಯನ್ನು ಕೊರೆಯಿಸಿಕೊಟ್ಟ ಅಕ್ಕಸಾಲಿಗನೊಬ್ಬನಿದ್ದಾನೆ. ಕವಿರಾಜಮಾರ್ಗವು ಹುಟ್ಟಿದ ಆಸ್ಥಾನದ ಒಡೆಯನಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅವನ ಸಾಮಂತನಾಗಿ ಕೊಂಕಣವನ್ನಾಳಿದ ಶಿಲಾಹಾರ ಪುಲ್ಲಶಕ್ತಿಯ ಹೆಸರನ್ನು ಹೊತ್ತ ಕ್ರಿ.ಶ. 843ರ ಶಾಸನವೂ ಅದೇ ಗುಹೆಗಳಲ್ಲಿದೆ; ಭಿಕ್ಷುಗಳ ವಸ್ತ್ರಕ್ಕೆಂದು ಹಣವನ್ನು ಇಟ್ಟಂತೆ ಪುಸ್ತಕಗಳಿಗೆಂದೂ ಅಲ್ಲಿ ಹಣವನ್ನು ಇಡಲಾಯಿತು. ಜ್ಞಾನವು ಯಾರೋ ಕೊಟ್ಟುದರಿಂದ ಬದುಕುತ್ತದೆಂಬ ತಿಳಿವಳಿಕೆ ನಮ್ಮ ಈ ನೆಲಕ್ಕೆ ಹೊಸತಲ್ಲ.

ವ್ಯಾಧಿಯೂ ಹೊಸತಲ್ಲ. ಚರಕಸಂಹಿತೆಯು ಎಣಿಸಿದ 80 ವಾತವಿಕಾರಗಳಲ್ಲಿ ವೇಪಥುವೆಂಬುದೊಂದಿದೆ. ಅಂಗಾಂಗಗಳೂ ಶಿರಸ್ಸೂ ಕಂಪಿಸುವ ಲಕ್ಷಣವನ್ನು ಮಾಧವನಿದಾನವು ಅದಕ್ಕೆ ಹೇಳಿದೆ. ಕಂಪವಾತವೆಂಬ ಹೆಸರು ಮುಂದೆ ರೂಢಿಗೆ ಬಂದಿತು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಪ್ರಕಟಿಸಿದ ಕಿರುಪ್ರಬಂಧವು ಆಧಾರವಾಗಿರಿಸಿಕೊಂಡುದು ಕೇವಲ ಆರು ಮಂದಿಯನ್ನು. ಅವರಲ್ಲಿ ಕೆಲವರು ಬೀದಿಯಲ್ಲಿ ನಡೆದುಹೋಗುವಾಗ ಆತನ ಕಣ್ಣಿಗೆ ಬಿದ್ದವರು. ಆ ಅಪರಿಚಿತರ ಬಾಗಿದ ಬೆನ್ನನ್ನೂ ಮುಗ್ಗರಿಸುವ ಹೆಜ್ಜೆಯನ್ನೂ ಆತನು ಕರುಣೆಯಿಂದಲೂ ಎಚ್ಚರದಿಂದಲೂ ನೋಡಿರದಿದ್ದರೆ ಈ ವ್ಯಾಧಿಗೆ ಇಂದಿನ ಹೆಸರು ಬರುತ್ತಿರಲಿಲ್ಲ. ಅದರ ಮೂಲಸ್ಥಾನವನ್ನು ಕಾಣಲು ಮತ್ತೊಂದು ಶತಮಾನವೇ ಬೇಕಾಯಿತು. 1919ರಲ್ಲಿ ಟ್ರೆಟಿಯಾಕಾಫ್ ಎಂಬ ಸಂಶೋಧಕನು, ಮಧ್ಯಮಿದುಳಿನಲ್ಲಿ ಕಪ್ಪು ಗೆರೆಯಂತೆ ಕಾಣುವ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಭಾಗವು ರೋಗಿಗಳಲ್ಲಿ ಬಣ್ಣಗೆಟ್ಟಿರುವುದನ್ನು ತೋರಿಸಿದನು. ಅಲ್ಲಿಯ ಕಪ್ಪು ಜೀವಕೋಶಗಳು ಡೋಪಮಿನ್ ಎಂಬ ರಸವನ್ನು ತಯಾರಿಸುತ್ತವೆಯೆಂದೂ, ಅವು ಅಳಿದಂತೆ ಚಲನೆಯ ಹದವೂ ಅಳಿಯುವುದೆಂದೂ 1957ರಿಂದ ಈಚೆಗೆ ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ ಮತ್ತು ಆಸ್ಟ್ರಿಯದ ಹಾರ್ನಿಕೀವಿಚ್ ಮೊದಲಾದವರ ಶ್ರಮದಿಂದ ಸ್ಪಷ್ಟವಾಯಿತು.

ಇಲ್ಲಿ ಅದೇ ಅರಣ್ಯಪರ್ವತದ ಮತ್ತೊಂದು ಮಗ್ಗುಲಿಗೆ ಬರಬೇಕು. ಥಾಣೆಯ ಕಡೆಯಿಂದ ಏರಿದರೆ ಸಿಗುವ ಯೇವೂರಿನ ಹಾದಿಯಲ್ಲಿ, ಮಳೆಗಾಲ ಕಳೆದ ಮೇಲೆ, ಬೇಲಿಗಳಿಗೆ ಹಬ್ಬಿದ ಬಳ್ಳಿಯೊಂದರಲ್ಲಿ ಕಡುನೇರಳೆ ಹೂಗೊಂಚಲುಗಳು ಜೋತುಬೀಳುತ್ತವೆ. ಚಳಿಗಾಲಕ್ಕೆ ಅವು ಬೆರಳುದ್ದದ, ತುದಿ ಕೊಂಕಿದ, ಕಂದು ಮಖಮಲ್ಲು ಹೊದಿಸಿದಂತಹ ಕಾಯಿಗಳಾಗುತ್ತವೆ. ಮುಟ್ಟಿದವನಿಗೆ ಆ ಮಖಮಲ್ಲಿನ ನಿಜ ತಿಳಿಯುತ್ತದೆ: ಅದರ ಸೂಕ್ಷ್ಮವಾದ ರೋಮಗಳು ಚರ್ಮಕ್ಕೆ ನಾಟಿ ತಾಳಲಾರದ ತುರಿಕೆಯನ್ನು ಹುಟ್ಟಿಸುತ್ತವೆ. ಇದು ನಮ್ಮ ಊರುಗಳ ನಸುಗುನ್ನಿ, ಇಲ್ಲಿಯವರ ಖಾಜಕುಯಲಿ, ಸಂಸ್ಕೃತದ ಕಪಿಕಚ್ಛು. ತನ್ನನ್ನು ತಾನೇ ಕಾಪಾಡಿಕೊಳ್ಳುವುದೆಂಬ ಅರ್ಥದಲ್ಲಿ ಪ್ರಾಚೀನ ವೈದ್ಯರು ಇದನ್ನು ಆತ್ಮಗುಪ್ತಾ ಎಂದೂ ಕರೆದರು. ಕಾಯಿಯೊಳಗಿನ ನಾಲ್ಕಾರು ಬೀಜಗಳಲ್ಲಿ ಏನು ಗುಪ್ತವಾಗಿದೆಯೆಂಬುದು 1937ರಲ್ಲಿ ಬಯಲಾಯಿತು: ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ರಸಾಯನಜ್ಞರು ಆ ಬೀಜದಿಂದ ಎಲ್-ಡೋಪಾ ಎಂಬ ದ್ರವ್ಯವನ್ನು ಬೇರ್ಪಡಿಸಿದರು. ಅದು ಕಂಪವಾತಕ್ಕೆ ಔಷಧವಾಗುವುದೆಂದು ಆಗ ಲೋಕದಲ್ಲಿ ಯಾರೂ ಅರಿತಿರಲಿಲ್ಲ. ಡೋಪಮಿನ್ನನ್ನು ಹಾಗೆಯೇ ಕೊಟ್ಟರೆ ಅದು ರಕ್ತದಿಂದ ಮಿದುಳಿಗೆ ದಾಟಲಾರದು. ಎಲ್-ಡೋಪಾ ದಾಟಬಲ್ಲುದು, ದಾಟಿದ ಮೇಲೆ ಅಲ್ಲಿಯೇ ಡೋಪಮಿನ್ ಆಗಬಲ್ಲುದು. ಈ ತತ್ತ್ವವನ್ನು ನೆಚ್ಚಿ 1967ರಲ್ಲಿ ಅಮೆರಿಕದ ಜಾರ್ಜ್ ಕಾಟ್ಜಿಯಸ್ ಹೆಚ್ಚಿನ ಪ್ರಮಾಣದ ಚಿಕಿತ್ಸೆಯನ್ನು ಯಶಸ್ವಿಯಾಗಿ ನಡೆಸಿದ ಮೇಲೆ, ಮರಗಟ್ಟಿ ಕುಳಿತವರು ಎದ್ದು ನಡೆಯತೊಡಗಿದರು.

ಮುಂಬಯಿಯ ವೈದ್ಯರು ಆಗ ಬೀಜದ ಕಡೆಗೇ ಹಿಂದಿರುಗಿ ನೋಡಿದರು. ಅಶೋಕ ವೈದ್ಯ ಮತ್ತು ನರರೋಗತಜ್ಞ ನೋಶಿರ್ ವಾಡಿಯಾ ಅವರನ್ನೊಳಗೊಂಡ ತಂಡವು ಕಪಿಕಚ್ಛುವಿನ ಪುಡಿಯಿಂದ ಪಾರ್ಕಿನ್ಸನ್ ರೋಗಿಗಳಿಗೆ ಚಿಕಿತ್ಸೆಮಾಡಿ 1978ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಆ ಬೀಜದಿಂದಲೇ ಸಿದ್ಧವಾದ ಎಚ್‌ಪಿ-200 ಎಂಬ ಔಷಧವನ್ನು 60 ಮಂದಿಗೆ 12 ವಾರ ಕೊಟ್ಟು ನೋಡಿದ ವರದಿಯು 1995ರಲ್ಲಿ ಬಂದಿತು. 2004ರಲ್ಲಿ ಲಂಡನ್ನಿನಲ್ಲಿ ಎಂಟು ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಬೀಜದ ಪುಡಿಯು ರೂಢಿಯ ಗುಳಿಗೆಗಿಂತ ಬೇಗ ಫಲಕಾರಿಯಾದುದು ಕಂಡುಬಂದಿತು. ಬೇಲಿಯಲ್ಲಿ ಬೆಳೆದುದೆಂಬ ಕಾರಣಕ್ಕೆ ಇದನ್ನು ತಾನಾಗಿ ಸೇವಿಸಹೊರಡುವುದು ಮಾತ್ರ ಅಪಾಯಕರ. ಒಂದೊಂದು ಬೀಜದಲ್ಲಿಯೂ ದ್ರವ್ಯದ ಪ್ರಮಾಣ ಬೇರೆಬೇರೆಯಾಗಿರುತ್ತದೆ, ಮತ್ತು ಈ ವ್ಯಾಧಿಯಲ್ಲಿ ಪ್ರಮಾಣವೇ ಸರ್ವಸ್ವ.

ಔಷಧವು ದೊರೆತರೂ, ವ್ಯಾಧಿ ಯಾರಿಗೆ ಬರುತ್ತದೆ, ಏಕೆ ಬರುತ್ತದೆ ಎಂಬ ಪ್ರಶ್ನೆ ಉಳಿದೇ ಇತ್ತು. ಮುಂಬಯಿಯ ಪಾರ್ಸಿ ಕಾಲೊನಿಗಳಲ್ಲಿ ಬರೂಚಾ ಮತ್ತು ಸಂಗಡಿಗರು 14,010 ಮಂದಿಯನ್ನು ಸಮೀಕ್ಷೆಗೊಳಪಡಿಸಿ, ಲಕ್ಷಕ್ಕೆ ಸುಮಾರು 328ರ ಪ್ರಮಾಣದಲ್ಲಿ ವ್ಯಾಧಿಯಿರುವುದನ್ನು 1988ರಲ್ಲಿ ತಿಳಿಸಿದರು. ಅದೇ ದಶಕದಲ್ಲಿ ಗೌರಿಬಿದನೂರಿನ ಹಳ್ಳಿಗಳಲ್ಲಿ ಗೌರಿದೇವಿಯವರ ತಂಡವು 57,660 ಮಂದಿಯನ್ನು ವಿಚಾರಿಸಿದಾಗ ದೊರೆತ ಪ್ರಮಾಣವು ಲಕ್ಷಕ್ಕೆ ಏಳು ಮಾತ್ರ. ಪಾರ್ಸಿಗಳಲ್ಲಿ ವೃದ್ಧರು ಹೆಚ್ಚು, ನಮ್ಮ ಹಳ್ಳಿಗಳಲ್ಲಿ ಎಳೆಯರು ಹೆಚ್ಚು ಎಂಬುದನ್ನು ಲೆಕ್ಕಕ್ಕೆ ತಂದುಕೊಂಡರೂ ಅಂತರವು ವಿಚಾರಾರ್ಹವಾಗಿಯೇ ಉಳಿಯಿತು.

ಈ ಪ್ರಶ್ನೆಯನ್ನು ಮಿದುಳಿನೊಳಗೇ ಹೊಕ್ಕು ಕೇಳಿದುದು ಬೆಂಗಳೂರು. 1974ರಲ್ಲಿ ನಿಮ್ಹಾನ್ಸ್ ಎಂಬ ಹೆಸರನ್ನು ಪಡೆದ ಸಂಸ್ಥೆಯಲ್ಲಿ ಕಂಪವಾತದ ಚಿಂತನೆ ಮೊದಲಿನಿಂದಲೂ ಇದ್ದಿತು. ಅದರ ಆದ್ಯ ನಿರ್ದೇಶಕರಾದ ಶಸ್ತ್ರವೈದ್ಯ ಆರ್. ಎಂ. ವರ್ಮ ಅವರು ತಲೆಬುರುಡೆಯನ್ನು ತೆರೆಯದೆ, ಅದರ ತಳದಲ್ಲಿರುವ ಸಹಜವಾದ ರಂಧ್ರದ ಮೂಲಕವೇ ಸೂಜಿಯನ್ನು ಹಾಯಿಸಿ ನಡುಕವನ್ನು ತಗ್ಗಿಸುವ ವಿಧಾನವನ್ನು ರೂಪಿಸಿದ್ದರು. ಅದೇ ಸಂಸ್ಥೆಯಲ್ಲಿ ಉದಯ ಮುತ್ತಣೆ, ಟಿ. ಸಿ. ಯಶಾ ಮತ್ತು ಎಸ್. ಕೆ. ಶಂಕರ್ ಅವರು, ವ್ಯಾಧಿಯಿಲ್ಲದೆ ತೀರಿಕೊಂಡ ಭಾರತೀಯರ ಮಿದುಳುಗಳಲ್ಲಿ ಕಪ್ಪು ಕೋಶಗಳನ್ನು ಸೂಕ್ಷ್ಮದರ್ಶಕದಡಿಯಲ್ಲಿ ಒಂದೊಂದಾಗಿ ಎಣಿಸಿ, 1998ರಲ್ಲಿ ಎರಡು ಸಂಗತಿಗಳನ್ನು ಲೋಕದ ಮುಂದಿಟ್ಟರು: ನಮ್ಮವರಲ್ಲಿ ಅವುಗಳ ಸಂಖ್ಯೆ ಬ್ರಿಟನ್ನಿನವರಿಗಿಂತ ಸುಮಾರು ಶೇಕಡ 40ರಷ್ಟು ಕಡಮೆ, ಆದರೆ ಅಲ್ಲಿಯವರಲ್ಲಿ ಕಂಡಂತೆ, ವಯಸ್ಸು ಏರಿದ ಮಾತ್ರಕ್ಕೆ ಅವು ನಮ್ಮವರಲ್ಲಿ ಕ್ಷಯಿಸುವುದಿಲ್ಲ. ಕೋಶಗಳ ಸಂಪತ್ತು ಕಡಮೆಯಿದ್ದ ಮಾತ್ರಕ್ಕೆ ವ್ಯಾಧಿಯು ಹೆಚ್ಚಬೇಕಾಗಿಲ್ಲವೆಂಬ ಈ ತಿಳಿವು, ಪರದೇಶದ ಮಿದುಳುಗಳನ್ನು ನೋಡಿ ಬರೆದ ಗ್ರಂಥಗಳಿಂದ ಎಂದಿಗೂ ದೊರೆಯುವಂತಿರಲಿಲ್ಲ. ಅಂತಹ ಎಣಿಕೆಗೆ ಬೇಕಾದುದು ಯಂತ್ರಕ್ಕಿಂತ ಮಿಗಿಲಾಗಿ ಮಿದುಳು. ಮಿದುಳನ್ನು ಕೊಡಬೇಕಾದವರು ಆಗತಾನೆ ತಮ್ಮವರನ್ನು ಕಳೆದುಕೊಂಡು ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತ ಮಗ, ಮಡದಿ, ತಾಯಿ. ಚಿತೆಯ ಸಿದ್ಧತೆಯ ನಡುವೆ, ಎಂದೂ ನೋಡದ ರೋಗಿಗಳ ಹಿತಕ್ಕಾಗಿ ಅವರು ಸಮ್ಮತಿಯ ಸಹಿ ಮಾಡಿದರೆ ಮಾತ್ರ 1995ರಲ್ಲಿ ಶಂಕರ್ ಅವರು ಅಲ್ಲಿ ಸ್ಥಾಪಿಸಿದ ಮಾನವ ಮಿದುಳು ಭಂಡಾರವು ಬದುಕಬಲ್ಲುದು.

ಅಂತಹ ಮಿದುಳುಗಳನ್ನೇ ನೆಚ್ಚಿ ಬೆಳೆದ ಸಂಶೋಧನಜೀವನವು ವಿಜಯಲಕ್ಷ್ಮೀ ರವೀಂದ್ರನಾಥ್ ಅವರದು. ಮೈಸೂರಿನ ಆಹಾರ ಸಂಶೋಧನಾಲಯದಲ್ಲಿ ಅರಿಶಿನದ ಸತ್ತ್ವವು ಶರೀರದಲ್ಲಿ ಹೇಗೆ ಲೀನವಾಗುವುದೆಂಬುದನ್ನು ಅಭ್ಯಸಿಸಿ, 1981ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದ ಅವರು, ಅಮೆರಿಕದಲ್ಲಿ ಕೆಲವು ವರ್ಷ ದುಡಿದು, 1986ರಲ್ಲಿ ನಿಮ್ಹಾನ್ಸ್ ಸೇರಿದರು. ಔಷಧಗಳನ್ನು ಪಚಿಸುವ ಕಾರ್ಯವು ಯಕೃತ್ತಿಗೆ ಸೇರಿದುದೆಂದು ಎಲ್ಲರೂ ಭಾವಿಸಿದ್ದ ಕಾಲದಲ್ಲಿ, ಮಿದುಳು ತಾನೂ ಆ ಕಾರ್ಯವನ್ನು ಮಾಡಬಲ್ಲುದೆಂಬುದನ್ನು ಮಾನವ ಮಿದುಳಿನಲ್ಲಿಯೇ ಅವರು ಪರೀಕ್ಷಿಸಿ ತೋರಿಸಿದರು. ಆಮೇಲೆ ಅವರ ಗಮನ ಬಡವರ ತುತ್ತಿನ ಕಡೆಗೆ ತಿರುಗಿತು. ಕ್ಷಾಮಕಾಲದಲ್ಲಿಯೂ ಬೆಳೆಯುವ ಕೇಸರಿ ಬೇಳೆಯನ್ನು ಬಹುಕಾಲ ತಿಂದವರ ಕಾಲುಗಳು ಸೆಡೆತುಹೋಗುವುದೇಕೆಂದು ಹುಡುಕಿದಾಗ, ಅದರ ವಿಷವು ಜೀವಕೋಶಕ್ಕೆ ಶಕ್ತಿಯನ್ನೊದಗಿಸುವ ಮೈಟೊಕಾಂಡ್ರಿಯದ ಮೊದಲನೆಯ ಕಿಣ್ವಸಮೂಹವನ್ನೇ ಕುಂಠಿತಗೊಳಿಸುವುದು ಕಂಡಿತು. ಪಾರ್ಕಿನ್ಸನ್ ವ್ಯಾಧಿಯಲ್ಲಿ ದುರ್ಬಲವಾಗುವುದೂ ಅದೇ ಕಿಣ್ವಸಮೂಹ. ಹೀಗೆ ಹೊಲದ ಬೇಳೆಯಿಂದ ಹೊರಟ ಹಾದಿಯು ಕಂಪವಾತವನ್ನು ಮುಟ್ಟಿತು. ಗ್ಲುಟಾರೆಡಾಕ್ಸಿನ್ ಎಂಬ ಪ್ರೋಟೀನು ಆ ಸಮೂಹವನ್ನು ಕಾಯುತ್ತದೆಯೆಂದೂ, ಹೆಣ್ಣಿಲಿಗಳಲ್ಲಿ ಅದು ಹೆಚ್ಚಾಗಿರುವುದರಿಂದ ಅವು ವ್ಯಾಧಿಕಾರಕವಾದ ವಿಷವನ್ನು ಹೆಚ್ಚು ತಾಳಿಕೊಳ್ಳುತ್ತವೆಯೆಂದೂ 2004ರಲ್ಲಿ ಅವರ ತಂಡವು ತಿಳಿಸಿತು. ಗಂಡಸರಲ್ಲಿ ಈ ವ್ಯಾಧಿ ಹೆಚ್ಚೆಂದು ಅನೇಕ ದೇಶಗಳಲ್ಲಿ ಕಂಡುಬಂದ ಸಂಗತಿಯನ್ನು ಇದರೊಡನೆ ಇರಿಸಿ ನೋಡಿದಾಗ ಈ ಅರಿವಿನ ಬೆಲೆ ತಿಳಿಯುತ್ತದೆ. 2012ರಲ್ಲಿ, ಅಶ್ವಗಂಧದ ಸಾರವು ಇಲಿಗಳಲ್ಲಿ ಆಲ್ಜೈಮರ್ ವಿಕಾರಗಳನ್ನು ಹಿಂದಿರುಗಿಸುವುದು ಮಿದುಳಿನ ಮೇಲೆ ನೇರವಾಗಿ ಅಲ್ಲ, ಯಕೃತ್ತಿನ ಮೂಲಕವೆಂಬುದನ್ನೂ ಅವರು ಪ್ರಕಟಿಸಿದರು.

ಈ ನಡುವೆ ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟಿ ನಿಲ್ಲಿಸಿದ ಮೇಲೆ ಅವರು ಬೆಂಗಳೂರಿಗೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅಲ್ಲಿ ಕ್ರಿಸ್ ಗೋಪಾಲಕೃಷ್ಣನ್ ದಂಪತಿಗಳ ಪ್ರತೀಕ್ಷಾ ಟ್ರಸ್ಟ್ ನೀಡಿದ 225 ಕೋಟಿ ರೂಪಾಯಿಗಳ ದತ್ತಿಯಿಂದ ಮಿದುಳು ಸಂಶೋಧನಾ ಕೇಂದ್ರವು ಮೂಡಿಬಂದಿತು. ದತ್ತಿಯ ಮೊತ್ತ ದೊಡ್ಡದು. ಆದರೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತಣ ಹಳ್ಳಿಗರು ಆ ಕೇಂದ್ರಕ್ಕೆ ಕೊಡುತ್ತಿರುವುದು ಅದಕ್ಕಿಂತ ಚಿಕ್ಕದಲ್ಲ. 45 ವರ್ಷ ದಾಟಿದ 10,000 ಮಂದಿಯನ್ನು ವರ್ಷವರ್ಷವೂ ಪರೀಕ್ಷಿಸಿ, ಮುಪ್ಪು ಯಾವಾಗ ವ್ಯಾಧಿಯ ಕಡೆಗೆ ಹೊರಳುತ್ತದೆಂಬುದನ್ನು ಅರಿಯಬೇಕೆಂಬುದು ಅಲ್ಲಿಯ ಸಂಕಲ್ಪ. ಮಾವಿನ ತೋಟದ ಕೆಲಸವನ್ನು ಬಿಟ್ಟುಬಂದು, ರಕ್ತವನ್ನು ಕೊಟ್ಟು, ನೆನಪಿನ ಪ್ರಶ್ನೆಗಳಿಗೆ ಉತ್ತರಿಸಿ ಹೋಗುವ ರೈತನು, ಪ್ರಾಯಶಃ ತನಗೆ ಎಂದೂ ದೊರೆಯದ ಔಷಧಕ್ಕಾಗಿ ತನ್ನ ದಿನವನ್ನು ಮುಡಿಪಿಡುತ್ತಾನೆ.

ನಮ್ಮ ಕಡೆಯೂ ಈ ವ್ಯಾಧಿಯ ಭಾರವನ್ನು ಒಬ್ಬರೇ ಹೊರದಂತೆ ಮಾಡುವ ಯತ್ನ ನಡೆದಿದೆ. ನರರೋಗತಜ್ಞ ಬಿ. ಎಸ್. ಸಿಂಘಲ್ ಅವರು 2001ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಪಾರ್ಕಿನ್ಸನ್ ಸಂಘದಿಂದ ಮೊದಲಾಗಿ, ರೋಗಿಗಳೂ ಮನೆಯವರೂ ಒಂದೆಡೆ ಕೂಡಿ ವ್ಯಾಯಾಮಮಾಡುವ, ಹಾಡುವ, ಕಷ್ಟಸುಖ ಹೇಳಿಕೊಳ್ಳುವ ಕೂಟಗಳ ಪದ್ಧತಿ ಈ ಭಾಗದಲ್ಲಿ ಬೇರೂರಿತು. ಮಾಸ್ತರರೊಡನೆ ಇಂತಹ ಒಂದು ಕೂಟಕ್ಕೆ ಹೋಗಿದ್ದೆನು. ಬಾಗಿಲಲ್ಲಿ ಅವರ ಕಾಲು ನೆಲಕ್ಕಂಟಿದಂತೆ ನಿಂತುಬಿಟ್ಟಿತು. ಒಳಗಿನಿಂದ ಬಂದ, ತಾವೂ ನಡುಗುತ್ತಿದ್ದ ವೃದ್ಧೆಯೊಬ್ಬರು, "ಭಾವೂ, ಇಲ್ಲಿ ಒಂದು ಗೆರೆಯಿದೆಯೆಂದು ತಿಳಿದು ದಾಟಿರಿ" ಎಂದು ಮರಾಠಿಯಲ್ಲಿ ಹೇಳಿ, ತಮ್ಮ ಊರುಗೋಲನ್ನು ಅವರ ಪಾದದ ಮುಂದೆ ಅಡ್ಡಲಾಗಿ ಹಿಡಿದರು. ಮಾಸ್ತರರು ಕಾಲೆತ್ತಿ ಅದನ್ನು ದಾಟಿದರು. ದಾಟಿದ ಮೇಲೆ ನಡಿಗೆ ತಾನಾಗಿ ಹರಿಯಿತು. ಕಣ್ಣಿಗೊಂದು ಗುರಿ ಸಿಕ್ಕಿದರೆ ನಿಂತ ಹೆಜ್ಜೆ ಕೀಳುವುದೆಂಬುದು ಈ ವ್ಯಾಧಿಯ ವಿಚಿತ್ರ. ಆ ತಾಯಿ ಅದನ್ನು ತಮ್ಮ ನೋವಿನಿಂದಲೇ ಕಲಿತಿದ್ದರು.

ಹಾಜರಿಪುಸ್ತಕದಲ್ಲಿ ಮಾಸ್ತರರು ಹೆಸರು ಬರೆಯತೊಡಗಿದಾಗ ಅಕ್ಷರಗಳು ಮತ್ತೆ ಕುಗ್ಗುತ್ತ ಹೋದವು. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಅಡಿಕೋಲಿನಿಂದ ಎರಡು ಗೆರೆ ಎಳೆದು, ಅವುಗಳ ನಡುವೆ ತುಂಬಿ ಬರೆಯಿರೆಂದು ಕೈತೋರಿಸಿದಳು. ಎಷ್ಟೋ ಹುಡುಗರಿಗೆ ಇವರು ಪಾಟಿಯ ಮೇಲೆ ಎಳೆದುಕೊಟ್ಟಿದ್ದ ಗೆರೆಗಳೇ ಅವು. ಆ ಗೆರೆಗಳ ನಡುವೆ, ನಿಧಾನವಾಗಿ, ದುಂಡಗೆ, ಅವರ ಹೆಸರು ಮತ್ತೊಮ್ಮೆ ನಿಂತಿತು.